ಹುಲ್ಲು ಮಾಳಿಗೆ ಹತ್ತಿದ ವ್ಯಾಪಾರ

ಪಣಕ್ಕಿದ್ದದ್ದು ಒಂದು ಮನೆಯಷ್ಟು ನೆಲ. ಅದಿಲ್ಲವಾದರೆ ಒಂದು ಕೂಸು. ಅದನ್ನು ಕೇಳಿದ್ದು ಹುಲ್ಲು, ಕೊಡಬೇಕಾದವಳು ಬೆಲ್ಲ ಮಾರುವ ಸಂಕವ್ವ.

ಆಗಿನ್ನೂ ಲೋಕ ಹೊಸದು. ಗುಡ್ಡದ ಕಲ್ಲುಗಳ ಹೊಟ್ಟೆಯೊಳಗಿನ ಬಿಸಿ ಆರಿರಲಿಲ್ಲ. ಹೊಳೆಗೆ ಯಾವ ಕಡೆ ಹರಿಯಬೇಕೆಂದು ಸರಿಯಾಗಿ ಗೊತ್ತಿರಲಿಲ್ಲ. ಎದುರು ಸಿಕ್ಕವರನ್ನು ದಾರಿ ಕೇಳುತ್ತಿತ್ತು. ಗಾಳಿಗೆ, ಮರಕ್ಕೆ, ಇರುವೆಗೆ, ಎಲ್ಲರಿಗೂ ಮಾತು ಬರುತ್ತಿತ್ತು.

ಮಾತು ಬರುತ್ತಿದ್ದುದರಿಂದಲೇ ಒಂದು ಪದ್ಧತಿ ಇತ್ತು. ಏನು ಬೇಕಾದರೂ ಕೇಳಿ ತೆಗೆದುಕೊಳ್ಳಬೇಕು. ಬೆಲೆಯನ್ನು ಬರೀ ಬಾಯಲ್ಲಿ ಹೇಳಿದರೆ ಸಾಲದು. ನಡುವೆ ಒಂದು ಬಟ್ಟೆ ಹಾಸಿ, ಅದರ ಕೆಳಗೆ ಕೈಗೆ ಕೈ ಕೊಟ್ಟು, ಬೆರಳು ಹಿಡಿದು ಹೇಳಬೇಕು. ಒಂದು ಬೆರಳು ಹಿಡಿದರೆ ಸ್ವಲ್ಪ, ಇಡೀ ಅಂಗೈ ಹಿಡಿದರೆ ಎಲ್ಲವೂ. ಒಪ್ಪಿ ಕೈ ಬಿಟ್ಟ ಮೇಲೆ ಮಾತು ಬದಲಿಸುವಂತಿಲ್ಲ. ಈ ಬೆರಳಾಟದಲ್ಲಿ ಸಂಕವ್ವನ ಕೈ ಪಳಗಿದ್ದು. ಅವಳ ಬೆರಳು ಹಿಡಿದು ಲಾಭ ಮಾಡಿಕೊಂಡು ಎದ್ದವರು ಕಡಿಮೆ.

ಆಗ ಎಲ್ಲರೂ ಮರದ ಕೆಳಗೇ ಇರುತ್ತಿದ್ದರು. ಮರದ ಕೆಳಗೆ ಬೆಲ್ಲ ಇಟ್ಟರೆ ಅರ್ಧ ಇರುವೆಗೆ, ಅರ್ಧ ಮಳೆಗೆ. ಅದಕ್ಕೆ ಸಂಕವ್ವ ಲೋಕದಲ್ಲಿ ಮೊದಲ ಮನೆ ಕಟ್ಟಲು ಹೊರಟಳು. ಗುಡ್ಡವನ್ನು ಕೇಳಿ ಚಪ್ಪಡಿ ತಂದಳು. ಹೊಳೆಯನ್ನು ಕೇಳಿ ಕೆಸರು ತಂದಳು. ಬೇವಿನ ಮರವನ್ನು ಕೇಳಿ ಬಾಗಿಲು ತಂದಳು.

ಬಯಲಿನ ಹುಲ್ಲನ್ನು ಮಾತ್ರ ಕೇಳಲಿಲ್ಲ.

"ಸಂಕವ್ವಾ, ಕೆಳಗಿನವರನ್ನ ಕೇಳಿದೇನು?" ಎಂದಿತು ಗಾಳಿ.

"ದಿನಾ ತುಳಿದಾಡೋದನ್ನ ಏನು ಕೇಳೋದೋ ಮಾರಾಯಾ" ಎಂದು ಸಂಕವ್ವ ಹುಲ್ಲಿನ ಮೇಲೆ ಚಪ್ಪಡಿ ಇಳಿಸಿದಳು. ಮನೆ ನಿಂತಿತು. ಕೆಳಗೆ ಕಲ್ಲು, ಸುತ್ತ ಕಲ್ಲು, ಮೇಲೆ ಕಲ್ಲು.

ಬೇಸಿಗೆ ಬಂತು. ಸೂರ್ಯ ಬಂದು ಮಾಳಿಗೆ ಮೇಲೆ ಕೂತ. ಕೂತವನು ಏಳಲಿಲ್ಲ. ಸಂಜೆ ಎದ್ದು ಹೋದರೂ ಅವನು ಕೂತ ಜಾಗದ ಕಾವು ಏಳಲಿಲ್ಲ. ಒಳಗೆ ಬೆಲ್ಲದ ಅಚ್ಚುಗಳು ಮೊದಲು ಬೆವೆತವು, ಆಮೇಲೆ ಕುಸಿದವು, ಕೊನೆಗೆ ಹರಿದವು. ಸಂಕವ್ವ ಮಾಳಿಗೆ ಹತ್ತಿ ಜಗಳವಾಡಿದರೆ, ಇಷ್ಟಗಲ ಬೋಳು ಕಲ್ಲು ಹಾಸಿಟ್ಟವಳೇ ನೀನು, ಈಗ ಏಳು ಅಂದರೆ ಹೇಗೆ ಎಂದು ಸೂರ್ಯ ಅವಳನ್ನೇ ಗದರಿಸಿದ. ಆಮೇಲೆ ಮಳೆ ಬಂತು. ಬೋಳು ಕಲ್ಲಿನ ಮೇಲೆ ನಿಲ್ಲಲಾಗದೆ ಒಂದೇ ಸಲಕ್ಕೆ ಜಾರಿ ಬಿದ್ದು ಗೋಡೆಯ ಬುಡ ಕೊರೆಯಿತು. ಎರಡನ್ನೂ ಸಂಕವ್ವ ಮನೆ ಕಟ್ಟಿದ ಖರ್ಚಿಗೆ ಹಾಕಿಕೊಂಡಳು. ಖರ್ಚಿಗೆ ಹಾಕಿಕೊಳ್ಳಲಾಗದ್ದು ಇನ್ನೊಂದಿತ್ತು.

ಮಗ, ಸೊಸೆ ಹೊಳೆಯಾಚೆ ಕಬ್ಬು ಅರೆಯುತ್ತಿದ್ದರು. ಅವರ ಮಗಳು ತುಂಗಿ ಅಜ್ಜಿಯ ಜೊತೆಗಿದ್ದಳು. ನಡು ಮಧ್ಯಾಹ್ನ, ಹೊರಗೆ ಒಂದು ಎಲೆಯೂ ಅಲುಗದ ಹೊತ್ತಿನಲ್ಲಿ, ಆ ಹುಡುಗಿ ಚಪ್ಪಡಿಗೆ ಕಿವಿ ಹಚ್ಚಿ ಮಲಗುತ್ತಿತ್ತು.

"ಆಯಿ, ಕೆಳಗ ಯಾರೋ ತಲಿ ಬಾಚ್ಕೋತಾರ."

ಇಲಿ ಇರಬೇಕು ಎಂದಳು ಸಂಕವ್ವ.

"ಆಯಿ, ಅವರಿಗೆ ಬೆಳಕಿಲ್ಲಂತ."

ಇಲಿಗೆ ಬೆಳಕು ಯಾಕೆ ಎಂದಳು ಸಂಕವ್ವ.

"ಆಯಿ, ನಮ್ಮ ನೆಲ ಎಲ್ಲಿ ಅಂತ ಕೇಳ್ತಾರ."

ಈ ಸಲ ಸಂಕವ್ವ ತಾನೂ ಬಗ್ಗಿ ಕಿವಿಯಿಟ್ಟಳು. ಕಲ್ಲಿನ ಕೆಳಗೆ, ಉದ್ದ ಕೂದಲಿನಲ್ಲಿ ನಿಧಾನವಾಗಿ ಬಾಚಣಿಗೆ ಎಳೆದಂತೆ, ಚರ್... ಚರ್...

ಮರುದಿನ ಚಪ್ಪಡಿಗಳ ಸಂದಿನಿಂದ ಎಳೆಗಳು ಎದ್ದವು. ಹುಲ್ಲೇ ಹೌದು, ಆದರೆ ಹಸಿರಿರಲಿಲ್ಲ. ಮುದುಕರ ಕೂದಲಿನ ಹಾಗೆ ಬೆಳ್ಳಗಿತ್ತು. ಬಾಗಿಲಿನಿಂದ ಬೆಳಕು ಬರುತ್ತಿದ್ದರೂ ಅದು ಬೆಳಕಿನ ಕಡೆ ಬಾಗಲಿಲ್ಲ. ತುಂಗಿ ಎತ್ತ ಹೋದರೆ ಅತ್ತ ಬಾಗಿತು. ಸಂಕವ್ವ ಒಂದೆಳೆ ಹಿಡಿದು ಜಗ್ಗಿದಳು. ಅದು ಬಂತು, ಇನ್ನೂ ಬಂತು. ಕೊನೆ ಮಾತ್ರ ಬರಲಿಲ್ಲ.

ತುಂಗಿ ಊಟ ಬಿಟ್ಟಳು. ಎತ್ತಿಕೊಂಡರೆ ಬರಿ ಬುಟ್ಟಿ ಎತ್ತಿದ ಹಾಗೆ ಹಗುರ. ಹಿಂದಲೆಯಲ್ಲಿ ಒಂದು ಜಡೆಯಷ್ಟು ಕೂದಲು ಬೆಳ್ಳಗಾಗಿತ್ತು.

"ಆಯಿ, ನೆಲ ಇಲ್ಲಂದ್ರ ನನ್ನನ್ನರ ಕೊಡು ಅಂತಾರ. ನಾ ಹೋಗ್ಲೇನು?" ಎಂದಿತು ಕೂಸು. ಅಳಲಿಲ್ಲ. ಪಕ್ಕದ ಮರದಡಿಗೆ ಆಡಲು ಹೋಗುವವರು ಕೇಳುವಂತೆ ಕೇಳಿತು.

ಸಂಕವ್ವ ನೆಲದ ಮೇಲೆ ಕೂತಳು. ಸೆರಗನ್ನು ಸಂದಿನ ಮೇಲೆ ಹಾಸಿ ಕೆಳಗೆ ಕೈ ಇಟ್ಟಳು.

ತಣ್ಣನೆಯ ಬೆರಳುಗಳು ಬಂದು ಕೈ ಹಿಡಿದವು. ತೆಳ್ಳಗಿದ್ದವು. ಒಂದು ಕೈಗೆ ಇರಬೇಕಾದ್ದಕ್ಕಿಂತ ಬಹಳ ಹೆಚ್ಚು. ಎಷ್ಟು ಬೇಕು ಎಂದು ಸಂಕವ್ವ ಬೆರಳಾಡಿಸಿದಳು. ಅವು ಇಡೀ ಅಂಗೈ ಹಿಡಿದವು. ಎಲ್ಲವೂ ಬೇಕು.

ಸಂಕವ್ವ ಒಂದು ಬೆರಳು ಮುಂದೆ ಮಾಡಿ, ಹೊಳೆದಂಡೆಯಲ್ಲಿ ಜಾಗ ತೋರಿಸುತ್ತೇನೆ ಎಂದಳು. ಅಲ್ಲಿ ನಮ್ಮವರೇ ತುಂಬಿದ್ದಾರೆ ಎಂದಿತು ಕೆಳಗಿನ ದನಿ. ಅರ್ಧ ಮನೆ ಕಿತ್ತು ಕೊಡುತ್ತೇನೆ ಎಂದು ಎರಡು ಬೆರಳು ಮುಂದೆ ಮಾಡಿದಳು. ಹುಲ್ಲು ಅವಳ ಕೈಯನ್ನು ಕೆಳಗೆ ಎಳೆಯಿತು. ಕಿರುಬೆರಳೂ ಹಿಡಿಸದ ಸಂದಿನೊಳಗೆ ಅವಳ ಬೆರಳುಗಳೆಲ್ಲ ಇಳಿದವು. ಹಿಂದೆ ಕೂಸಿನ ಉಸಿರು ನೂಲಿನಂತೆ ಸಣ್ಣಗಾಗುತ್ತಿತ್ತು.

ಮನೆ ಪೂರ್ತಿ ಕೆಡವಬಹುದಿತ್ತು. ಆದರೆ ಚಪ್ಪಡಿ ಎತ್ತಿ ಮುಗಿಸುವಷ್ಟರಲ್ಲಿ ಆ ಉಸಿರು ಉಳಿಯುತ್ತಿರಲಿಲ್ಲ. ಇದ್ದದ್ದರಲ್ಲೇ ಕೊಡಬೇಕು. ಸಂಕವ್ವ ಕಣ್ಣು ಕೆಳಗಿಟ್ಟು ಯೋಚಿಸಿದಳು. ಎದುರಿಗೆ ಸೆರಗು ಉಬ್ಬಿಕೊಂಡಿತ್ತು. ಕೆಳಗೆ ಅವಳ ಅಂಗೈ ನೆಲ ಮುಚ್ಚಿತ್ತು. ಮೇಲೆ ಅವಳ ಕೈಯ ಬೆನ್ನು ಬಟ್ಟೆ ಹೊತ್ತಿತ್ತು. ಅಂಗೈ ಎಷ್ಟಗಲವೋ ಕೈಯ ಬೆನ್ನೂ ಅಷ್ಟೇ ಅಗಲ.

ಸಂಕವ್ವ ಎಳೆತವನ್ನು ತಡೆದು, ಮೆಲ್ಲಗೆ ಕೈ ಮಗುಚಿದಳು. ಅಂಗೈ ಮೇಲಾಯಿತು.

"ಎಷ್ಟು ಮುಚ್ಚೀನೋ ಅಷ್ಟೂ ನೆಲ ಕೊಡ್ತೀನಿ. ಮಾಳಿಗಿ ಮ್ಯಾಲೆ."

ಎಳೆತ ನಿಂತಿತು.

"ಮ್ಯಾಲೆ ಬರೀ ಕಲ್ಲೈತಿ" ಎಂದಿತು ಹುಲ್ಲು.

"ಮಣ್ಣು ನಾ ಹೊರತೀನಿ. ಬಿಸಿಲು ನಿಂದು, ಮಳಿ ನಿಂದು. ನೆರಳು ನನಗ ಬಿಡು. ಕೂಸಿನ್ನ ಬಿಡು."

ಕೆಳಗೆ, ಮೊರದಲ್ಲಿ ಹೊಟ್ಟು ಕೇರಿದಂತೆ ಒಂದು ಸದ್ದಾಯಿತು. ಹುಲ್ಲು ನಕ್ಕಿತ್ತು. ಬಿಸಿಲು, ಮಳೆಗಳಲ್ಲೇ ತನ್ನ ಊಟ ಇರುವುದು. ಅದನ್ನು ಕೊಟ್ಟು ಈಕೆ ಕೇಳುತ್ತಿರುವುದು ಎಂಜಲು ನೆರಳು! ತಣ್ಣನೆಯ ಬೆರಳುಗಳು ಒಂದೊಂದಾಗಿ ಕೈ ಬಿಟ್ಟವು.

ಅಂದೇ ಸಂಕವ್ವ ಬುಟ್ಟಿ ಬುಟ್ಟಿ ಮಣ್ಣು ಹೊತ್ತು ಮಾಳಿಗೆ ತುಂಬಿದಳು. ಸಂಜೆಯ ಹೊತ್ತಿಗೆ ಬಾಚುವ ಸದ್ದು ನೆಲ ಬಿಟ್ಟು ಗೋಡೆಗೆ ಹತ್ತಿತು. ಕಲ್ಲು ಕಲ್ಲಿನ ಸಂದಿನಲ್ಲಿ ಚರ್ ಚರ್ ಎನ್ನುತ್ತ ಮೇಲೆ ಮೇಲೆ ಹೋಯಿತು. ಸಂಕವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಅದು ತಲೆಯ ಮೇಲೆ ದಾಟುವವರೆಗೂ ಅಲುಗಾಡದೆ ಕೂತಳು. ಮಾಳಿಗೆಯ ಮೇಲೆ ತಲೆ ಎತ್ತಿದ ಹುಲ್ಲು ಹಸಿರಾಗಿತ್ತು. ತುಂಗಿ ಕಣ್ಣು ಬಿಟ್ಟು, ಹಸಿವು ಎಂದಳು.

ಮರುದಿನ ಸೂರ್ಯ ಎಂದಿನಂತೆ ಕೂರಲು ಬಂದ. ಹುಲ್ಲು ಚುಚ್ಚಿತು. ಗೊಣಗುತ್ತ ಎದ್ದು ಹೋದ. ಮಳೆ ಬಂತು; ಹುಲ್ಲು ಅದನ್ನು ತಡೆದು, ಬೇಕಾದಷ್ಟು ಕುಡಿದು, ಮಿಕ್ಕಿದ್ದನ್ನು ಹನಿ ಹನಿಯಾಗಿ ಕೆಳಗೆ ಬಿಟ್ಟಿತು. ಗೋಡೆಯ ಬುಡ ಗಟ್ಟಿಯಾಯಿತು. ಚಿಟ್ಟೆ ಬಂತು, ಗುಬ್ಬಿ ಬಂತು. ಬಂದವರೆಲ್ಲ ಮೊದಲು ಹುಲ್ಲನ್ನು ಕೇಳಿ ಕೂತರು. ಹೊಸ ಬೆಲ್ಲ ಕಲ್ಲಿನಿಂದ ಕುಟ್ಟಿದರೆ ಮಾತ್ರ ಒಡೆಯುವಷ್ಟು ಗಟ್ಟಿ ನಿಂತಿತು.

ಒಮ್ಮೆ ಸಂಕವ್ವ ಹಪ್ಪಳ ಒಣಗಿಸಲೆಂದು ಮಾಳಿಗೆಯ ಒಂದು ಮೂಲೆಯ ಹುಲ್ಲು ಕೆರೆದಳು. ಮಧ್ಯಾಹ್ನ ಆ ಮೂಲೆಯ ನೇರ ಕೆಳಗೆ, ನೆಲದೊಳಗೆ, ಬಾಚಣಿಗೆ ಎಳೆದ ಸದ್ದು ಕೇಳಿತು. ಹಪ್ಪಳ ಎತ್ತಿ ಮಣ್ಣು ಹಾಕಿ ಬಂದಳು. ಇನ್ನೊಮ್ಮೆ ಆ ಉಸಾಬರಿಗೆ ಹೋಗಲಿಲ್ಲ.

ಈ ವ್ಯಾಪಾರದ ಸುದ್ದಿಯನ್ನು ಹುಲ್ಲು ಪಾಚಿಗೆ ಹೇಳಿತು, ಪಾಚಿ ಬಳ್ಳಿಗೆ ಹೇಳಿತು, ಬಳ್ಳಿ ಅರಳಿಯ ಸಸಿಗೆ ಹೇಳಿತು. ಅದಕ್ಕೇ ಇವತ್ತಿಗೂ ಯಾರು ಎಲ್ಲಿ ಮನೆ ಕಟ್ಟಿದರೂ, ಕರೆಯದಿದ್ದರೂ, ಗೋಡೆಯ ಬಿರುಕಿನಲ್ಲಿ ಒಂದೆಳೆ, ಮಾಳಿಗೆಯ ಮೂಲೆಯಲ್ಲಿ ಒಂದು ಗರಿಕೆ ಎದ್ದು ನಿಲ್ಲುವುದು ನಿಮಗೆ ಕಾಣುತ್ತದೆ. ಅದು ತನ್ನ ನೆಲ ಅಳೆಯಲು ಬಂದಿರುತ್ತದೆ. ಕೈ ಹಾಕಿ ಕೀಳುವ ಮೊದಲು ಸಂಕವ್ವ ಕೊನೆಗೆ ಕೂಡಿಸಿದ ಲೆಕ್ಕವನ್ನು ನೆನೆಯಿರಿ: ಹೋದದ್ದು ಒಂದು ಬೇಸಿಗೆಯ ಬೆಲ್ಲ, ಹಪ್ಪಳ ಒಣಗಿಸುವ ಜಾಗ, ಬಂದದ್ದು ತಂಪು ಕೋಣೆ, ಗಟ್ಟಿ ಗೋಡೆ, ಹನಿ ಹನಿಯಾಗಿ ಇಳಿಯುವ ಮಳೆ, ಗುಬ್ಬಿಯ ಗೂಡು, ಮತ್ತೆ ಹಿಂದಲೆಯಲ್ಲಿ ಒಂದು ಬಿಳಿ ಜಡೆಯಿರುವ ಮೊಮ್ಮಗಳು.