ಗುಂಪಿಗೆ ಸೇರದ ಟೊಮೆಟೊ

ನಮ್ಮೂರ ಶಾಲೆಗೆ ಮಕ್ಕಳ ಬುದ್ಧಿ ಅಳೆಯುವ ಸಾಹೇಬರೊಬ್ಬರು ಬಂದರು. ಇದು ನಾನು ಕಣ್ಣಾರೆ ಕಂಡದ್ದು. ಆ ದಿನ ನಾನು ಊರಲ್ಲೇ ಇರಲಿಲ್ಲ ಅನ್ನುವವರನ್ನು ನಂಬಬೇಡಿ.

ಸಾಹೇಬರು ಎರಡನೇ ಇಯತ್ತೆಯ ಹೊನ್ನವ್ವಳ ಮುಂದೆ ನಾಲ್ಕು ಚಿತ್ರ ಇಟ್ಟರು: ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಟೊಮೆಟೊ, ಚಾಕು.

"ಗುಂಪಿಗೆ ಸೇರದ್ದು ಯಾವುದು?"

"ಟೊಮೆಟೊ ರೀ ಸರ."

ಸಾಹೇಬರು 'ಮಂದಬುದ್ಧಿ' ಎಂದು ಬರೆದರು. ಹುಡುಗಿಯನ್ನು ಒಂದನೇ ಇಯತ್ತೆಗೆ ಇಳಿಸಿರಿ ಎಂದರು. ಹೊನ್ನವ್ವಳ ಮುಖ ಬಾಡಿತು.

ಬಾಗಿಲಲ್ಲಿ ನಿಂತಿದ್ದ ಬಿಸಿಯೂಟದ ಅಡುಗೆಯಾಕೆ ಕೇಳಿದಳು: "ಯಾಕಂತ ಹುಡುಗಿನ್ನ ಕೇಳಿದ್ರೇನ್ರಿ?"

"ಅದನ್ನ ಬರೆಯೋಕೆ ಕಾಗದದಲ್ಲಿ ಜಾಗ ಇಲ್ಲಮ್ಮ."

"ಹಂಗಾರ ಊಟಕ್ಕ ಬರ್ರಿ. ಆದ್ರ ನಮ್ಮಲ್ಲಿ ಉಣ್ಣೋರು ಮೊದಲು ಹೆಚ್ಚಿ ಕೊಡಬೇಕು. ಹೆಡ್‌ಮಾಸ್ತರೂ ಹೆಚ್ಚತಾರ."

ಸಾಹೇಬರು ಕೂತು ಮೊದಲು ಟೊಮೆಟೊ ಹೆಚ್ಚಿದರು. ಉಳ್ಳಾಗಡ್ಡಿ ಹೆಚ್ಚಿದರು, ಕಣ್ಣೀರು ಬಂತು. ಮೆಣಸಿನಕಾಯಿ ಹೆಚ್ಚಿದ ಕೈಯಿಂದಲೇ ಕಣ್ಣೊರೆಸಿಕೊಂಡರು, ಕಣ್ಣೀರು ಧಾರಾಕಾರ ಹರಿಯಿತು. ಕಣ್ಣು ಕಾಣದೆ ಚಾಕು ಬೆರಳಿಗೆ ತಾಗಿತು, "ಅಯ್ಯಯ್ಯೋ!" ಎಂದು ಅತ್ತೇಬಿಟ್ಟರು.

"ಈಗ ಹೇಳ್ರಿ ಸರ," ಅಂದಳು ಅಡುಗೆಯಾಕೆ. "ನಾಕರಾಗ ನಿಮ್ಮನ್ನ ಅಳಿಸದೇ ಇದ್ದದ್ದು ಯಾವುದು?"

"ಟೊಮೆಟೊ!"

"ಹೊನ್ನವ್ವನ ಅವ್ವಂದು ಮಿರ್ಚಿ ಭಜಿ ಅಂಗಡಿ. ಆಕಿಗೆ ಇದು ಚಿತ್ರ ನೋಡಿದ್ರನ ತಿಳೀತದ್ರಿ."

ಸಾಹೇಬರು ಕಣ್ಣು ತೊಳೆಯಲು ನೀರಿನ ಡ್ರಮ್ಮಿಗೆ ಓಡಿದರು. ಹೊನ್ನವ್ವ ಅಡ್ಡ ನಿಂತಳು.

"ಮೊದಲು ಕೈ ತೊಳಕೋರಿ ಸರ, ಆಮ್ಯಾಲೆ ಕಣ್ಣು!"

ಸಾಹೇಬರು ಹಾಗೇ ಮಾಡಿದರು. ಆಮೇಲೆ 'ಮಂದಬುದ್ಧಿ'ಯನ್ನು ಹೊಡೆದುಹಾಕಿ, ಕಾಗದ ಮಗುಚಿ, ಹೊನ್ನವ್ವಳನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ಇನ್ನೊಮ್ಮೆ ಮೊದಲಿಂದ ಶುರು ಮಾಡೋಣವ್ವ. ಈ ಸಲ ಯಾಕಂತಲೂ ಹೇಳು. ಹಿಂದುಗಡೆ ಬೇಕಾದಷ್ಟು ಜಾಗ ಇದೆ."