ಪಾಸು ವಸೂಲು ಮಾಡಿದ ಚನ್ನವೀರಪ್ಪ

ಗದಗಿನಲ್ಲಿ ಚನ್ನವೀರಪ್ಪ ಎಂಬ ಪಾತ್ರೆ ಅಂಗಡಿಯವನಿದ್ದ. ಕೊಟ್ಟ ದುಡ್ಡು ಪೈಸೆ ಬಿಡದೆ ವಸೂಲಾಗಬೇಕು ಎನ್ನುವ ಆಸಾಮಿ. ಕಾಲೇಜು ಓದುವಾಗ, ತಿಂಗಳ ಹಣ ಮೊದಲೇ ಕಟ್ಟಿದ ಖಾನಾವಳಿಯ ಊಟ ಹಾಳಾಗುತ್ತದೆಂದು ಗೆಳೆಯನ ಮದುವೆಯ ಊಟ ಬಿಟ್ಟು ಬಂದಿದ್ದ. ಜನ ಅದನ್ನು ಜಾಣತನವೆಂದು ಹೊಗಳಿದರು. ಹೊಗಳಿದವರಿಗೆ ಏನನ್ನಬೇಕೋ!

ಅವನ ಹೆಂಡತಿ ನೀಲವ್ವ. ಮೊದಲ ಹೆರಿಗೆಯಲ್ಲಿ ಅವಳು ಸಾಯುವ ಸ್ಥಿತಿಗೆ ಬಂದಾಗ, ಊರಿನ ಆಸ್ಪತ್ರೆಯಲ್ಲಿದ್ದ ರೂತ್ ಎಂಬ ಸ್ವಿಟ್ಜರ್ಲೆಂಡಿನ ನರ್ಸು ಹಾಸಿಗೆಯ ಪಕ್ಕದಲ್ಲೇ ಕೂತು ಬದುಕಿಸಿದ್ದಳು. ಗದಗಿನ ಕನ್ನಡವನ್ನು ಗದಗಿನವರಂತೆಯೇ ಮಾತಾಡುತ್ತಿದ್ದ ಆಕೆ ಊರಿಗೆಲ್ಲ ರೂತಕ್ಕ. ವಯಸ್ಸಾದ ಮೇಲೆ ತನ್ನ ದೇಶಕ್ಕೆ ಮರಳಿದಳು. ಈಗ ನಡೆಯಲಾರಳು, ಗಾಲಿ ಕುರ್ಚಿಯೇ ಗತಿ.

"ಒಮ್ಮೆ ಬಂದು ಹೋಗವಾ ನೀಲಾ. ಒಂದ್ ವಾರ ನನ್ನ ಮನ್ಯಾಗ ಇರು. ಮುಂದಿನ ವರ್ಷ ನಾ ಇರ್ತೀನೋ ಇಲ್ಲೋ" ಎಂದು ಫೋನಿನಲ್ಲಿ ಕರೆದಳು. ನೀಲವ್ವ ಹಟ ಹಿಡಿದು ಗಂಡನನ್ನು ಹೊರಡಿಸಿದಳು.

ಅಷ್ಟರಲ್ಲಿ ಬೆಳಗಿನ ವಾಕಿಂಗ್ ಗೆಳೆಯರು ರೈಲು ಪಾಸಿನ ಸುದ್ದಿ ಹೇಳಿದರು. ಒಮ್ಮೆ ಹಣ ಕಟ್ಟಿದರೆ ಸಾಕು, ಒಂದು ವಾರ ಆ ದೇಶದ ರೈಲುಗಳಲ್ಲಿ ಬೇಕಾದಷ್ಟು ತಿರುಗಬಹುದು. ಚನ್ನವೀರಪ್ಪನ ಕಿವಿ ನೆಟ್ಟಗಾದವು.

"ರೀ, ನಾವು ಹೋಗೂದು ಒಂದ ಊರಿಗೆ. ಹೋಗಿ ಬರಾಕ ಟಿಕೆಟ್ ಸಾಕಲ್ಲ, ಪಾಸ್ ಯಾಕ?" ಎಂದಳು ನೀಲವ್ವ.

"ನಿನಗ ತಿಳಿಯಂಗಿಲ್ಲ ಸುಮ್ನಿರು. ಎಷ್ಟ್ ತಿರುಗಿದ್ರ ಅಷ್ಟ್ ಲಾಭ ಐತಿ" ಎಂದ.

ಲಾಭವಂತೆ! ಒಂದು ಊರಿಗೆ ಹೋಗುವವನಿಗೆ ಊರೂರು ತಿರುಗುವ ಪಾಸು ಯಾವ ಲೆಕ್ಕದಲ್ಲಿ ಲಾಭ? ಆದರೂ ಕೊಂಡ. ಕೊಂಡ ಗಳಿಗೆಯಿಂದ ಪಾಸು ಯಜಮಾನನಾಯಿತು, ಇವನು ಅದರ ಆಳಾದ.

ವಿಮಾನ ಇಳಿದ ಮರುದಿನ ನೀಲವ್ವ ರೂತಕ್ಕನ ಮನೆಗೆ ಹೊರಟು ನಿಂತಳು. "ಅಲ್ಲಿ ಹೋಗಿ ಕುಂತ್ರ ಇವತ್ತಿನ ಪಾಸ್ ದಂಡ ಆಗ್ತೈತಿ. ನಾಳೆ ಹೋಗೂಣು" ಎಂದು ದೂರದ ರೈಲು ಹತ್ತಿಸಿದ. ಮರುದಿನವೂ ಅದೇ ಮಾತು. ಬೆಳಗಾದರೆ ರೈಲು, ಕತ್ತಲಾದರೆ ಹೋಟೆಲು. ಚಪಾತಿ, ಚಟ್ನಿಪುಡಿ ರೈಲಿನಲ್ಲೇ. ಕೊನೆಯ ನಿಲ್ದಾಣದಲ್ಲಿ ಇಳಿಯುವುದು, ಊರಿನ ಮುಖವನ್ನೂ ನೋಡದೆ ವಾಪಸು ರೈಲು ಹತ್ತುವುದು. ಕಿಟಕಿಯಾಚೆ ಸರೋವರ ಹೋಗುತ್ತಿದ್ದರೆ ಈ ಮಹಾರಾಯ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ.

ಅತ್ತ ರೂತಕ್ಕ ಎಲ್ಲಿಂದಲೋ ಜೋಳದ ಹಿಟ್ಟು ತರಿಸಿ, ಗಾಲಿ ಕುರ್ಚಿಯಲ್ಲೇ ಕೂತು ದಿನಾ ರೊಟ್ಟಿ ಬಡಿದು ಕಾಯುತ್ತಿದ್ದಳು. ಸಂಜೆ ಫೋನು ಬರುತ್ತಿತ್ತು. "ನಾಳೆ ಬರ್ತೀರೇನವಾ?" ನೀಲವ್ವ ಸುಳ್ಳು ಹೇಳಲಾರದೆ, ನಿಜ ಹೇಳಲು ನಾಚಿ ಒದ್ದಾಡುತ್ತಿದ್ದಳು.

ಕೊನೆಯ ದಿನ ಬಂತು. ರಾತ್ರಿಗೆ ವಿಮಾನ. ಆಗಲೂ ಚನ್ನವೀರಪ್ಪ ಒಂದು ಹಿಮದ ಬೆಟ್ಟಕ್ಕೆ ಹೊರಟ. "ರೈಲು ರೂತಕ್ಕನ ಊರಿನ ಮ್ಯಾಲೇ ಹೋಗ್ತೈತಿ. ಸ್ಟೇಷನ್ನಿಗೆ ಬಾ ಅನ್ನು, ಕಿಟಕ್ಯಾಗ ಮಾತಾಡಿದ್ರಾತು" ಎಂದ. ಜೀವ ಉಳಿಸಿದವಳ ಜೊತೆ ಕಿಟಕಿಯಲ್ಲಿ ಮಾತು! ಬೇರೆ ದಾರಿ ಕಾಣದೆ ನೀಲವ್ವ ಹಾಗೇ ಫೋನು ಮಾಡಿದಳು.

ಅದು ವೇಗದ ರೈಲು, ಆ ಸಣ್ಣ ಊರಿನಲ್ಲಿ ನಿಲ್ಲಲೇ ಇಲ್ಲ. ಪ್ಲಾಟ್‌ಫಾರ್ಮಿನ ಮೇಲೆ ಇಳಕಲ್ ಸೀರೆ ಉಟ್ಟ ಬಿಳಿ ಮುದುಕಿಯೊಬ್ಬಳು ಗಾಲಿ ಕುರ್ಚಿಯಿಂದ ಕೈ ಎತ್ತಿದ್ದು ಕಂಡಿತು. ಅಷ್ಟರಲ್ಲಿ ಊರೇ ಹಿಂದೆ ಹೋಯಿತು. ನೀಲವ್ವ ಗಾಜಿಗೆ ಕೈ ಬಡಿದು ಅತ್ತಳು.

ಮುಂದಿನ ನಿಲ್ದಾಣದಲ್ಲಿ ಅವಳು ಎದ್ದು ಇಳಿದಳು. ಚನ್ನವೀರಪ್ಪ ಹಿಂದೆಯೇ ಓಡಿ ಬಂದ. "ಎಲ್ಲಿಗೆ ಹೊಂಟಿ? ಬೆಟ್ಟ ತಪ್ಪಿದ್ರ ಪಾಸ್ ವಸೂಲಾಗಂಗಿಲ್ಲ!"

ನೀಲವ್ವ ತನ್ನ ಪಾಸನ್ನೂ ಅವನ ಕೈಗೆ ತುರುಕಿದಳು. "ಇದನ್ನೂ ನೀವ ಇಟ್ಕೋರಿ. ಎರಡೂ ವಸೂಲ್ ಮಾಡ್ಕೊಂಡ್ ಬರ್ರಿ. ನಾ ಟಿಕೆಟ್ ತಗೊಂಡು ರೂತಕ್ಕನ ಕಡೆ ಹೋಗ್ತೀನಿ."

ಹೆಂಡತಿಯ ಕಣ್ಣೀರು ಕಂಡ ಮೇಲಾದರೂ ಅವನು ಜೊತೆಗೆ ಹೋದನೇ? ಇಲ್ಲ! ಬೆಟ್ಟದ ರೈಲನ್ನೇ ಮತ್ತೆ ಹತ್ತಿದ. ಮೇಲೆ ಹೋದರೆ ಬರೀ ಮೋಡ.

ರೂತಕ್ಕ ಇನ್ನೂ ಅದೇ ಪ್ಲಾಟ್‌ಫಾರ್ಮಿನಲ್ಲಿ ಕೂತಿದ್ದಳು, ಮಡಿಲಲ್ಲಿ ರೊಟ್ಟಿಯ ಡಬ್ಬಿ. "ಬಂದ್ಯೇನವಾ?" ಎಂದಳಷ್ಟೆ. ಒಬ್ಬರ ಕೈ ಒಬ್ಬರು ಹಿಡಿದರು. ರೊಟ್ಟಿ ತಿಂದು ಮುಗಿಯುವುದರೊಳಗೆ ವಿಮಾನಕ್ಕೆ ಹೊತ್ತಾಯಿತು.

ವಿಮಾನ ನಿಲ್ದಾಣದಲ್ಲಿ ಚನ್ನವೀರಪ್ಪ ಹಲ್ಲು ಕಿರಿದ. "ಪಾಸ್ ಪೂರ್ತಿ ವಸೂಲಾತು ನೋಡು!"

"ನಿಮ್ಮ ಪಾಸ್ ವಸೂಲಾತು" ಎಂದಳು ನೀಲವ್ವ. "ರೂತಕ್ಕನ ಕೂಡ ಆಡೂ ಮಾತೆಲ್ಲಾ ಹಂಗ ಉಳದಾವು. ಅವನ್ನ ಎಲ್ಲಿ ಹೋಗಿ ವಸೂಲ್ ಮಾಡ್ಲಿ? ಹೇಳ್ರಿ."

ಅವನು ಎರಡೂ ಪಾಸುಗಳನ್ನು ಮಡಚಿ ಜೇಬಿಗೆ ಇಳಿಸಿದ. ಆ ಚಳಿಗಾಲದಲ್ಲೇ ರೂತಕ್ಕ ತೀರಿಕೊಂಡಳು.

ನೀತಿ: ಪಾಸು ಕೊಳ್ಳುವ ಮೊದಲು, ನಾವು ಹೊರಟಿರುವುದು ಯಾರಿಗಾಗಿ ಎಂದು ಕೇಳಿಕೊಳ್ಳಿ. ಪ್ರಯಾಣಕ್ಕೆ ಬೇಕಾದರೆ ಪಾಸು ಕೊಳ್ಳಿ. ಪಾಸಿಗಾಗಿ ಪ್ರಯಾಣ ಮಾಡಬೇಡಿ. ಕೊಟ್ಟ ಹಣ ಕೊಟ್ಟಾಯಿತು. ಅದರ ಬೆನ್ನು ಹತ್ತಿ, ನಮಗಾಗಿ ಕಾಯುತ್ತ ಕೂತವರನ್ನು ದಾಟಿ ಹೋಗುವವನು ಜಾಣನಲ್ಲ, ಕಲ್ಲೆದೆಯ ಮೂರ್ಖ.