ಕಬ್ಬಿಣ ಕಿತ್ತ ತೂತು

ರೋಮನ್ನರು ಸಿಂಹಗಳನ್ನು ಕಾದಾಡಿಸುತ್ತಿದ್ದ ದುಂಡು ಬಯಲುರಂಗ ಪಾಳುಬಿದ್ದ ಮೇಲೆ, ಕಲ್ಲುಗಳನ್ನು ಬಿಗಿದಿದ್ದ ಕಬ್ಬಿಣವನ್ನು ಕಳ್ಳರು ಕಿತ್ತೊಯ್ದರು. ಗೋಡೆಯ ಒಂದು ಕಲ್ಲು ತನಗಾದ ತೂತನ್ನೇ ನೆನೆದು ಕೊರಗುತ್ತಿತ್ತು.

ಗುಬ್ಬಿಯೊಂದು ಬಂದು, "ಮೊಟ್ಟೆಯಿಡಲು ಇಲ್ಲಿ ಜಾಗ ಕೊಡುತ್ತೀಯಾ?" ಎಂದಿತು.

"ಇದು ಜಾಗವಲ್ಲ, ನನ್ನ ಗಾಯ. ತೂತು ಮುಚ್ಚುವ ಗಾರೆಯವನು ಬರುವ ತನಕ ಇದ್ದುಕೋ," ಎಂದು ಕಲ್ಲು ಗೊಣಗಿತು.

ಮರಿಗಳು ಕಣ್ಣು ಬಿಡುವ ಹೊತ್ತಿಗೆ ಗಾರೆಯವನು ಬಂದೇಬಿಟ್ಟ. ಒಂದೊಂದೇ ತೂತು ಮುಚ್ಚುತ್ತಾ ಹತ್ತಿರ ಬಂದ. ಗುಬ್ಬಿ ಹುಳ ಹುಡುಕಲು ಹೋಗಿತ್ತು.

"ಕೂಗಿ ಮಕ್ಕಳೇ, ಗಟ್ಟಿಯಾಗಿ ಕೂಗಿ!" ಎಂದಿತು ಕಲ್ಲು.

ಮರಿಗಳು ಕಿರುಚಿದವು. ಗಾರೆಯವನು ಇಣುಕಿ, ನಕ್ಕು, ಮುಂದಿನ ಕಲ್ಲಿಗೆ ಹೋದ.

"ಅಯ್ಯೋ, ನಿನ್ನ ಗಾಯ ಮಾತ್ರ ಹಾಗೇ ಉಳಿಯಿತಲ್ಲ!" ಎಂದಿತು ಪಕ್ಕದ ಕಲ್ಲು.

"ಮೆಲ್ಲಗೆ ಮಾತಾಡು," ಎಂದಿತು ಕಲ್ಲು. "ಮಕ್ಕಳು ಈಗಷ್ಟೇ ಮಲಗಿದ್ದಾರೆ."